ಸೌಂಡ್ ಕಡಿಮಿ ಮಾಡ್ರಿ

"ಸೌಂಡ್ ಕಡಿಮಿ ಮಾಡ್ರಿ. ಮಂದಿ ನೋಡಾಕತ್ತಾರ."

ನನ್ನ ಹೆಂಡತಿ ನನಗೆ ಹೇಳಿದ ಕಡೇ ಮಾತು ಇದು. ಮನೆ ಸುದ್ದಿ ಅಲ್ಲ, ಸಂಸಾರದ ಸುದ್ದಿ ಅಲ್ಲ. ಟೇಪಿನ ಸೌಂಡು. ಅಷ್ಟೂ ನನ್ನ ಕೈಲಿ ಆಗಲಿಲ್ಲ. ಕಾರಿಗೆ ಟೇಪ್ ಕೂಡಿಸೋದೇ ನನ್ನ ಕೆಲಸ. ಹೊಸಪೇಟೆಯಲ್ಲಿ ಹಾಡುತ್ತಿದ್ದ ಕಾರುಗಳಲ್ಲಿ ಎಷ್ಟೋ ಕಾರು ನನ್ನ ಕೈಯಿಂದಲೇ ಹಾಡಿದ್ದು. ಆದರೂ ಆಗಲಿಲ್ಲ.

ಅದನ್ನು ಕಡೆಗೆ ಹೇಳುತ್ತೇನೆ. ಒಮ್ಮೆಲೇ ಹೇಳಲಿಕ್ಕೆ ಬರುವುದಿಲ್ಲ. ಮೊದಲು ಬೇರೆ ನಾಚಿಕೆಗಳು. ಟೇಪಿನ ಕೆಲಸದಲ್ಲಿ ನಾಚಿಕೆಗೆ ಬರ ಇಲ್ಲ. ಬ್ರೇಕ್ ಕೆಲಸ ಕೆಟ್ಟರೆ ಗಾಡಿ ಮಾಲೀಕನಿಗೆ ಗೊತ್ತಾಗುತ್ತದೆ. ಟೇಪಿನ ಕೆಲಸ ಕೆಟ್ಟರೆ ಇಡೀ ಓಣಿಗೆ ಕೇಳುತ್ತದೆ.

೧. ಹಿಂದಿನ ಸೀಟು

ನಮ್ಮದು ಅಂಗಡಿ ಮುಂದೆ, ಮನೆ ಹಿಂದೆ. ನಡುವೆ ಒಂದು ಪರದೆ. ಅದಿರಿನ ಕಾಲ ಅದು. ಸಂಡೂರು ಗುಡ್ಡದಿಂದ ಅದಿರು ಇಳಿದಂಗೆಲ್ಲಾ ಹೊಸಪೇಟೆಯಲ್ಲಿ ಕಾರು ಹೆಚ್ಚಾದವು. ನಿನ್ನೆ ಸೈಕಲ್ ಮೇಲೆ ಹೋದವನು ಇವತ್ತು ಕಾರಿನಿಂದ ಇಳಿದು, "ಟೇಪ್ ಹಚ್ಚು, ಗುಡ್ಡಕ್ಕ ಕೇಳಬೇಕು" ಅನ್ನುತ್ತಿದ್ದ.

ನಾನು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಮಲಗುತ್ತಿದ್ದೆ. ಅಲ್ಲಿ ಮಲಗಿದವನಿಗೆ ಯಾವ ಸ್ಪೀಕರ್ ಹಾಡುತ್ತದೆ, ಯಾವುದು ಹಾಡುವುದಿಲ್ಲ ಗೊತ್ತಾಗುವುದಿಲ್ಲ. ಅದಕ್ಕೆ ನಮ್ಮಾಕಿ ಬರಬೇಕು. ರೊಟ್ಟಿ ಬಡಿಯುವುದು ಬಿಟ್ಟು ಹಿಟ್ಟಿನ ಕೈಯಲ್ಲೇ ಬಂದು ಕಾರಿನ ಬಾಗಿಲಿಗೆ ನಿಲ್ಲುತ್ತಿದ್ದಳು.

"ಬಂತೇನ?" ನಾನು ಕೆಳಗಿನಿಂದ.

"ಎಡಕ್ಕ ಬಂತು. ಬಲಕ್ಕ ಇಲ್ಲ."

"ಈಗ?"

"ಬಲಕ್ಕ ಬಂತು. ಎಡಕ್ಕ ಹೋತು."

ನಮ್ಮ ಸಂಸಾರದಲ್ಲಿ ಹೆಚ್ಚು ಮಾತು ಅಂದರೆ ಇವೇ.

ಎದುರಿಗೆ ಮಿರ್ಚಿ ಅಂಗಡಿ. ಅದನ್ನು ನಡೆಸುವ ಅಜ್ಜಿಗೆ ಟೇಪು ಅಂದರೆ ಆಗದು. ಎಣ್ಣೆ ಬಾಣಲೆಯ ಮುಂದೆ ಕುಂತಲ್ಲಿಂದಲೇ ಒದರುವಳು, "ಸೌಂಡ್ ಕಡಿಮಿ ಮಾಡ್ಲೇ!" ನಾನು ಮಾಡಿ, "ಕಡಿಮಿ ಆತೇನವ್ವಾ?" ಅಂದರೆ, "ಇನ್ನಾ ಕಡಿಮಿ ಮಾಡು!" ಒಮ್ಮೆ ಟೇಪನ್ನು ಪೂರ್ತಿ ಬಂದ್ ಮಾಡಿ ಕೇಳಿದೆ. ಆಗಲೂ "ಇನ್ನಾ ಕಡಿಮಿ" ಅಂದಳು. ಆಗಿದೆ ಅಂತ ಆಕೆ ಒಪ್ಪಿದ್ದೇ ಇಲ್ಲ.

ಒಂದು ದಿನ ಕಮಲಾಪುರದ ಬಾಳೆಹಣ್ಣಿನ ವ್ಯಾಪಾರಿಯ ಕಾರು ಬಂತು. ಹಿಂದಿನ ಸೀಟಿನಲ್ಲಿ ಸೌಂಡು ಒಡೆದು ಬರುತ್ತದೆ ಅಂತ ದೂರು. ನಮ್ಮಾಕಿಯನ್ನು ಹಿಂದೆ ಕೂಡಿಸಿ, ಗ್ಲಾಸು ಏರಿಸಿ, ಫುಲ್ ಸೌಂಡ್ ಇಟ್ಟೆ. ಆಕೆ ಸೀಟಿನ ಮೇಲೆ ಮೊಣಕಾಲೂರಿ ಹಿಂದಕ್ಕೆ ತಿರುಗಿ ಸ್ಪೀಕರಿಗೆ ಕಿವಿ ಹಚ್ಚಿದಳು. ನಾನು ವೈರಿನ ತುಂಡು ತರಲು ಒಳಗೆ ಹೋದೆ. ಅಷ್ಟರಲ್ಲಿ ವ್ಯಾಪಾರಿ ಚಹಾ ಕುಡಿದು ಬಂದ. ಟೇಪು ಜೋರಾಗಿ ಹಾಡುತ್ತಿದೆ, ಕೆಲಸ ಮುಗಿದಿದೆ ಅಂತ ತಿಳಿದ. ಕುಂತ, ಗಾಡಿ ಹೊಡೆದ.

ನಾನು ಹೊರಗೆ ಬಂದಾಗ ಕಾರು ಮೂಲೆ ತಿರುಗುತ್ತಿತ್ತು. ಹಿಂದಿನ ಗ್ಲಾಸಿನಲ್ಲಿ ನಮ್ಮಾಕಿಯ ಮುಖ. ಕೈ ಬೀಸುತ್ತಿದ್ದಳು. ಸೌಂಡು ಚಲೋ ಐತಿ ಅನ್ನುತ್ತಿದ್ದಾಳೆ ಅಂತ ತಿಳಿದು ನಾನೂ ಕೈ ಬೀಸಿದೆ.

ಎದುರಿನ ಅಜ್ಜಿ ಎದ್ದು ನಿಂತಳು. "ಲೇ, ನಿನ್ನ ಹೆಂಡ್ತಿನ್ನ ಒಯ್ದನಲ್ಲೋ! ನೀ ಟಾಟಾ ಮಾಡಾಕತ್ತೀಯಲ್ಲೋ!"

ಕಮಲಾಪುರ ಇನ್ನೇನು ಬಂತು ಅನ್ನುವಾಗ ಕ್ಯಾಸೆಟ್ಟಿನ ಒಂದು ಬದಿ ಮುಗಿದು ಕಾರು ಸುಮ್ಮನಾಯಿತಂತೆ. ಹಿಂದಿನಿಂದ "ಅಣ್ಣಾರ" ಅಂತ ದನಿ ಬಂತಂತೆ. ವ್ಯಾಪಾರಿ ಹೆದರಿ ಕಾರನ್ನು ಕಾಲುವೆ ದಂಡೆಗೆ ಹತ್ತಿಸಿಬಿಟ್ಟನಂತೆ. ನಮ್ಮಾಕಿ ಬಸ್ಸಿನಲ್ಲಿ ವಾಪಸ್ ಬಂದಳು, ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು.

ನನಗೆ ಮುಖ ಎತ್ತಲಿಕ್ಕೆ ಆಗಲಿಲ್ಲ. "ಅವನ ಹೆಗಲು ತಟ್ಟಬಾರದೇನ?" ಅಂದೆ.

"ಪರಗಂಡಸಿನ ಹೆಗಲು ಹೆಂಗ ಮುಟ್ಟಲಿ?"

"ಒದರಬಾರದೇನ?"

"ಒದರಿದ್ನೆಲ್ರಿ. ಸೌಂಡ್ ಭಾಳ ಚಲೋ ಕೂಡ್ಸೀರಿ. ನಾ ಒದರಿದ್ದು ನನಗೇ ಕೇಳಲಿಲ್ಲ."

೨. ಭಕ್ತಿಯ ಗಾಡಿ

ಹೊಸ ಟೇಪಿಗೆ ಒಂದು ಪದ್ಧತಿ ಇತ್ತು. ಮೊದಲ ಹಾಡು ದೇವರದೇ ಆಗಬೇಕು. ಗಾಡಿಯನ್ನು ಗುಡಿಗೆ ಒಯ್ದು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆಸಿ, ಆಮೇಲೆ ಹಾಡು ಹಚ್ಚುವುದು. ಅದಕ್ಕೆ ನಾನು ಅಂಗಡಿಯಲ್ಲಿ ಹಾಡು ಹಾಕದೆ, ರೇಡಿಯೋ ಹಚ್ಚಿ ಬರೀ ಗರ್ರ್ ಅನ್ನುವುದರಲ್ಲೇ ಸ್ಪೀಕರ್ ನೋಡುತ್ತಿದ್ದೆ. ಗರ್ರ್ ಅನ್ನುವುದು ಹಾಡಲ್ಲವಲ್ಲ.

ಸಂಡೂರಿನ ಒಬ್ಬ ಗಣಿ ಕಾಂಟ್ರಾಕ್ಟರು ಹೊಸಾ ಬಿಳೀ ಗಾಡಿ ತಂದರು. ಕೂಡಿಸಿದೆ. ನಾಲ್ಕೂ ಸ್ಪೀಕರು ಗರ್ರ್ ಅಂದವು. ನಮ್ಮಾಕಿ ಪಾಸ್ ಮಾಡಿದಳು. ಕಾಂಟ್ರಾಕ್ಟರಿಗೆ ಖುಷಿ ಆಗಿ, "ಪೂಜಿಗೆ ನೀವೂ ಬರ್ರಿ, ಅಕ್ಕಾರನ್ನೂ ಕರಕೊಂಡು ಬರ್ರಿ" ಅಂದರು. ಅವರ ತಾಯಿ ಮುಂದೆ ಕುಂತರು, ನಾವಿಬ್ಬರೂ ಹಿಂದೆ. ಹಂಪಿಗೆ ಹೋದೆವು. ನಮ್ಮಾಕಿ ರೇಷ್ಮೆ ಸೀರೆ ಉಟ್ಟಿದ್ದಳು.

ಪೂಜೆ ಆಯಿತು. ಪೂಜಾರಪ್ಪ, "ಹಚ್ಚಿರಿ ಹಾಡು" ಅಂದರು. ಕಾಂಟ್ರಾಕ್ಟರು ಬಟನ್ ಒತ್ತಿದರು. ಸುಮ್ಮನೆ. ಮತ್ತೆ ಒತ್ತಿದರು. ಸುಮ್ಮನೆ. ನಿಂಬೆಹಣ್ಣಿನ ಮೇಲೆ ಗಾಡಿ ಮುಂದಕ್ಕೆ ಹೋಯಿತು. ಆಗಲೂ ಸುಮ್ಮನೆ. ಒಂದು ಹಣ್ಣು ಒಡೆಯದೆ ಜಾರಿತು. "ಸ್ವಲ್ಪ ಹಿಂದಕ್ಕ ತಗೊರ್ರಿ" ಅಂದರು ಪೂಜಾರಪ್ಪ. ಹಿಂದಿನ ಗೇರ್ ಹಾಕಿದ ಕೂಡಲೇ ದೇವರ ಹಾಡು ಬಂತು, ಗಂಟೆ ಜಾಗಟೆ ಸಮೇತ. ಗಾಡಿ ನಿಲ್ಲಿಸಿ ಗೇರ್ ತೆಗೆದರು. ಹಾಡು ಹೋಯಿತು.

ನನಗೆ ಆಗಲೇ ತಿಳಿಯಿತು. ನಮ್ಮ ಅಂಗಡಿಯ ಮುಂದೆ ಇಳಿಜಾರು. ಗಾಡಿ ಉರುಳದಿರಲಿ ಅಂತ ಡ್ರೈವರು ಹಿಂದಿನ ಗೇರ್ ಹಾಕಿ ನಿಲ್ಲಿಸಿದ್ದ. ನಾನು ಚಾವಿ ತಿರುವಿ ಟೆಸ್ಟರ್ ಹಿಡಿದಾಗ ಯಾವ ವೈರಿನಲ್ಲಿ ಕರೆಂಟ್ ಇತ್ತೋ ಅದಕ್ಕೇ ಟೇಪ್ ಜೋಡಿಸಿದ್ದೆ. ಅದು ಹಿಂದಕ್ಕೆ ಹೋಗುವಾಗ ಹತ್ತುವ ಲೈಟಿನ ವೈರು. ಗೇರ್ ಹಾಕಿ, ಕ್ಲಚ್ ಒತ್ತಿ ನಿಂತಲ್ಲೇ ನಿಂತರೂ ಹಾಡುತ್ತಿತ್ತು. ಅದನ್ನಾದರೂ ಹೇಳಬಹುದಿತ್ತು. ನಾನು ಕಲ್ಲಿನ ಕಂಬದ ಹಿಂದೆ ನಿಂತಿದ್ದೆ.

"ಹೋಗ್ರಿ, ಹೇಳ್ರಿ" ಅಂತ ನಮ್ಮಾಕಿ ಬೆನ್ನಿಗೆ ತಿವಿದಳು.

"ಹೆಂಗ ಹೇಳಲಿ?"

ಅಷ್ಟರಲ್ಲಿ ಕಾಂಟ್ರಾಕ್ಟರ ತಾಯಿ ಗದರಿದರು. "ಯಾಕ ನಿಲ್ಲಿಸ್ದಿ? ದೇವರ ಹಾಡು ಅರ್ಧಕ್ಕ ನಿಲ್ಲಿಸಬಾರದು." ಅಮ್ಮನ ಮಾತು ಮೀರುವ ಮಗ ಅಲ್ಲ. ಹಾಡು ಮುಗಿಯುವವರೆಗೆ ಗಾಡಿ ಹಿಂದಕ್ಕೇ ಹೋಯಿತು, ಬಜಾರಿನ ಉದ್ದಕ್ಕೂ. ಫಾರಿನ್ ಮಂದಿ ಕ್ಯಾಮರಾ ಹಿಡಿದು ಜೊತೆಗೆ ಓಡಿದರು. ಬಾಳೆಹಣ್ಣು ಮಾರುವವರು ಬುಟ್ಟಿ ಎತ್ತಿಕೊಂಡು ಸರಿದರು.

ಮರುದಿನ ಸಂಡೂರಿಗೆ ಹೋಗಿ ತಲೆ ತಗ್ಗಿಸಿ ನಿಂತೆ. ವೈರ್ ಬದಲು ಮಾಡುತ್ತೇನೆ ಅಂದೆ. ಅಮ್ಮ ಗಾಡಿಗೆ ಅಡ್ಡ ನಿಂತರು.

"ಮುಟ್ಟಬ್ಯಾಡ. ಗುಡಿಯಿಂದ ಬರೋವಾಗ ದೇವ್ರಿಗೆ ಬೆನ್ನು ಮಾಡಬಾರದು ಅಂತ ನನ ಮಗಗ ಸಣ್ಣಂದಿನಿಂದ ಹೇಳೀನಿ. ಅವ ಕಲೀಲಿಲ್ಲ, ಗಾಡಿ ಕಲ್ತೈತಿ."

೩. ಜರ್ರ್

ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟ ಸಾಹುಕಾರರು ಒಬ್ಬರು. ನಾನೇ ಅವರ ಕಾರಿಗೆ ಟೇಪ್ ಕೂಡಿಸಿದ್ದೆ. ಒಂದು ದಿನ ಬೆಳಿಗ್ಗೆ ಸಿಟ್ಟಿನಲ್ಲಿ ಬಂದರು. ಹಾಡಿನಲ್ಲಿ ಡೋಲು ಬಡಿದಾಗೆಲ್ಲಾ ಕಾರಿನಲ್ಲಿ ಎಲ್ಲೋ ಜರ್ರ್ ಅನ್ನುತ್ತದೆ. ಹಿಂದಿನ ಸೀಟಿನಲ್ಲಿ ಅವರ ಅತ್ತೆ ಕುಂತಿದ್ದರು, ಎಮ್ಮಿಗನೂರಿನವರು. ಮಗಳ ಮನೆಗೆ ಬಂದವರು ಹೊಸಪೇಟೆ ನೋಡಲು ಹೊರಟಿದ್ದರು.

"ಇಳೀರಿ ಅಮ್ಮಾರ, ಸ್ವಲ್ಪ ಬಾಗಿಲು ಬಿಚ್ಚತೀನಿ."

"ನಾ ಇಳಿಯಂಗಿಲ್ಲ. ಮೊಣಕಾಲು ನೋಯ್ತಾವ. ನೀ ಬಿಚ್ಚಪ್ಪ, ನಾ ಏನು ಅಡ್ಡ ಬರಂಗಿಲ್ಲ."

ಬಲಗಡೆಯ ಬಾಗಿಲು ಬಿಚ್ಚಿದೆ. ಜರ್ರ್. ಎಡಗಡೆಯದು ಬಿಚ್ಚಿದೆ. ಜರ್ರ್. ಡ್ಯಾಶ್‌ಬೋರ್ಡು ಇಳಿಸಿದೆ. ಕಾರಿನ ಚಾವಣಿಯ ಬಟ್ಟೆ ಬಿಚ್ಚಿದೆ. ಡಿಕ್ಕಿಯೊಳಗೆ ಮಲಗಿ ಹಾಡು ಕೇಳಿದೆ. ಮಧ್ಯಾಹ್ನಕ್ಕೆ ಕಾರು ಅಸ್ಥಿಪಂಜರ ಆಗಿತ್ತು. ನಡುವೆ ಸೀಟಿನ ಮೇಲೆ ಅಮ್ಮಾರು ಮಾತ್ರ ಇದ್ದಂಗೇ ಇದ್ದರು. ಸಾಹುಕಾರರು ನನ್ನ ಕಡೆ ನೋಡುವುದನ್ನೇ ಬಿಟ್ಟರು.

ಊಟದ ಹೊತ್ತು. ನಮ್ಮಾಕಿ ಅಮ್ಮಾರಿಗೆ ರೊಟ್ಟಿ, ಬದನೇಕಾಯಿ ಪಲ್ಯ ತಂದಳು. ತಾಟು ಇಡಲು ಜಾಗ ಬೇಕಲ್ಲ. ಅವರ ತೊಡೆಯ ಮೇಲೆ ಸ್ಟೀಲಿನ ಎಲೆ ಅಡಿಕೆ ಡಬ್ಬಿ ಇತ್ತು. ಅದನ್ನು ಇಸಕೊಂಡಳು.

ಜರ್ರ್ ನಿಂತಿತು.

ಆಕೆ ನನ್ನ ಮುಖ ನೋಡಿದಳು. ಡಬ್ಬಿ ವಾಪಸ್ ಕೊಟ್ಟಳು. ಜರ್ರ್. ಇಸಕೊಂಡಳು. ಸುಮ್ಮನೆ. ಒಳಗೆ ಅಡಕತ್ತರಿ ಇತ್ತು.

ಕಾರನ್ನು ಮತ್ತೆ ಜೋಡಿಸುವಾಗ ಸಂಜೆಯಾಯಿತು. ಒಂದು ಹಿಡಿ ಸ್ಕ್ರೂ ಉಳಿದವು. ಅವನ್ನು ಜೇಬಿಗೆ ಹಾಕಿಕೊಂಡೆ. ಯಾರೂ ಬೈಯಲಿಲ್ಲ, ಅದೇ ದೊಡ್ಡ ನಾಚಿಕೆ. ಹೋಗುವಾಗ ಅಮ್ಮಾರು ಕಿಟಕಿಯಿಂದ ನಮ್ಮಾಕಿಯ ಕೈ ಹಿಡಕೊಂಡರು.

"ನೀ ರೊಟ್ಟಿ ತಂದಿ, ಬದುಕಿದ್ನಿ ತಂಗಿ. ಇನ್ನೊಂದು ತಾಸು ಬಿಟ್ಟಿದ್ರ ನಿನ ಗಂಡ ನನ್ನೂ ಬಿಚ್ಚತಿದ್ದ."

೪. ತಳ್ಳುವವರ ಹಾಡು

ಬಂಡ್ರಿಯ ಒಬ್ಬ ಮೇಸ್ತ್ರಿ ಗಣಿಗೆ ಕೂಲಿ ಮಂದಿಯನ್ನು ಜೀಪಿನಲ್ಲಿ ಒಯ್ಯುತ್ತಿದ್ದ. ಅವನಿಗೆ ಟೇಪು ಚಾವಿ ತೆಗೆದರೂ ಹಾಡಬೇಕು. ಅದಿರಿನ ಟಿಪ್ಪರು ಸಾಲುಗಟ್ಟಿದರೆ ಜೀಪು ಅವುಗಳ ಹಿಂದೆ ತಾಸುಗಟ್ಟಲೆ ನಿಲ್ಲಬೇಕು, ಡೀಸೆಲ್ ಯಾಕೆ ಸುಡಲಿ ಅನ್ನುತ್ತಿದ್ದ. ಬ್ಯಾಟರಿ ಕೂತುಬಿಡುತ್ತದೆ ಅಂತ ಹೇಳಿದೆ. ಕೇಳಲಿಲ್ಲ. ಬ್ಯಾಟರಿಯಿಂದ ಸೀದಾ ವೈರ್ ಎಳೆದು ಕೊಟ್ಟೆ. ಗುಡ್ಡದ ರಸ್ತೆಗೆ ಕಳಚಬಾರದು ಅಂತ ಪಟ್ಟಿ ಹಾಕಿ ಬಿಗಿದೆ. ಟೇಪು ಆಟೋ ರಿವರ್ಸ್. ಒಂದು ಬದಿ ಮುಗಿದರೆ ತಾನೇ ಇನ್ನೊಂದು ಬದಿ ಹಾಡುತ್ತದೆ, ಅದು ಮುಗಿದರೆ ಮತ್ತೆ ಇದು.

ಅಲ್ಲಿಂದ ಮುಂದೆ ಜೀಪು ನಮ್ಮ ಅಂಗಡಿಗೆ ಬಂದಾಗೆಲ್ಲಾ ತಳ್ಳಿಸಿಕೊಂಡೇ ಬಂತು. ಹಿಂದೆ ಕೆಂಪು ಧೂಳಿನ ಕೂಲಿ ಮಂದಿ, ಒಳಗೆ ಮೇಸ್ತ್ರಿ ಸ್ಟೇರಿಂಗ್ ಹಿಡಿದು. ಬ್ಯಾಟರಿಯಲ್ಲಿ ಉಳಿದ ಚೂರು ಕರೆಂಟಿಗೆ ಹಾಡು ಎಳೆದೆಳೆದು ಅಳುತ್ತಿತ್ತು. ಓಣಿಯ ಮಂದಿ ನನ್ನನ್ನು ನೋಡಿ ನಗುತ್ತಿದ್ದರು, ಅವನನ್ನಲ್ಲ.

"ಅದನ್ನಾದ್ರೂ ಬಂದ್ ಮಾಡಪ್ಪ" ಅಂದೆ ಒಮ್ಮೆ.

"ಹಂಗಂದ್ರ ಹೆಂಗ್ರಿ? ತಳ್ಳೋರಿಗೆ ಬ್ಯಾಸರ ಆಗಬಾರದಲ್ಲ!"

೫. ಬ್ಯಾಂಡು

ಈಗ ಹೇಳುತ್ತೇನೆ.

ಅದೇ ಜೀಪು, ಮೇಸ್ತ್ರಿ ರಿಪೇರಿಗೆ ಬಿಟ್ಟು ಹೋಗಿದ್ದ. ಅದಿರಿನ ಧೂಳು ಹೊಕ್ಕು ವಾಲ್ಯೂಮಿನ ಬಟನ್ನು ಹಾಳಾಗಿತ್ತು. ಸೌಂಡು ಫುಲ್ಲಿಗೆ ಹೋಗಿ ಕುಂತಿತ್ತು, ಕಡಿಮೆಯೂ ಆಗದು, ಬಂದ್ ಕೂಡ ಆಗದು. ಕ್ಯಾಸೆಟ್ಟು ಒಳಗೇ ಸಿಕ್ಕಿಬಿದ್ದಿತ್ತು. ಮೇಸ್ತ್ರಿ ಬಂಡ್ರಿಯ ಒಂದು ಮದುವೆಗೆ ಜೀಪು ಒಪ್ಪಿಕೊಂಡಿದ್ದ. ಅದಕ್ಕೆ ಬ್ಯಾಂಡ್ ಸೆಟ್ಟಿನ ಕ್ಯಾಸೆಟ್ಟು ಹಾಕಿದ್ದ. ಬರೀ ಕಹಳೆ, ಡೋಲು. ನಾನು ಹಾಳಾದ ಬಟನ್ನು ತೆಗೆದಿದ್ದೆ, ಹೊಸದು ಸಿಕ್ಕಿರಲಿಲ್ಲ. ಬಾಯಿ ಮುಚ್ಚಲಿ ಅಂತ ಬ್ಯಾಟರಿಯ ವೈರನ್ನೇ ಕಳಚಿ ಇಟ್ಟಿದ್ದೆ.

ಸಂಜೆ ನಮ್ಮಾಕಿ ಪರದೆ ಸರಿಸಿ ಬಂದಳು. "ಎದಿ ಒತ್ತಾಕತ್ತೈತ್ರಿ" ಅಂದಳು. ಮುಖ ಬೆವೆತಿತ್ತು. ಓಣಿಯಲ್ಲಿ ಆಟೋ ಇರಲಿಲ್ಲ. ಬಾಗಿಲಲ್ಲಿ ಜೀಪು ಇತ್ತು. ಎದುರಿನ ಅಜ್ಜಿ ಬಾಣಲೆ ಬಿಟ್ಟು ಓಡಿ ಬಂದು ಆಕೆಯನ್ನು ಹಿಂದೆ ಕೂಡಿಸಿಕೊಂಡಳು.

ಜೀಪು ಸ್ಟಾರ್ಟ್ ಆಗಬೇಕಾದರೆ ಬ್ಯಾಟರಿಯ ವೈರು ಹಾಕಲೇಬೇಕು. ಹಾಕಿದೆ. ಬ್ಯಾಂಡು ಶುರುವಾಯಿತು.

ಒಂದು ಕೈ ಸ್ಟೇರಿಂಗಿನಲ್ಲಿ, ಇನ್ನೊಂದು ಕೈ ಟೇಪಿನ ಹಿಂದೆ ಹಾಕಿ ವೈರು ಎಳೆದೆ. ಬರಲಿಲ್ಲ. ಜಗ್ಗಿದೆ. ಬರಲಿಲ್ಲ. ಅಷ್ಟು ಗಟ್ಟಿ ಕೆಲಸ ನಾನು ಬೇರೆ ಯಾವ ಗಾಡಿಗೂ ಮಾಡಿಲ್ಲ.

ರಸ್ತೆಯಲ್ಲಿ ಎಲ್ಲರೂ ದಾರಿ ಬಿಟ್ಟರು. ಮದುವೆ ಗಾಡಿಗೆ ಯಾರು ಅಡ್ಡ ಬರುತ್ತಾರೆ? ರೈಲ್ವೆ ಗೇಟು ಮಾತ್ರ ಬಿಡಲಿಲ್ಲ. ಅದಿರಿನ ಗೂಡ್ಸು ಹೊರಟಿತ್ತು, ಡಬ್ಬಿ ಮುಗಿಯುತ್ತಲೇ ಇರಲಿಲ್ಲ. ಟಿಪ್ಪರುಗಳ ಸಾಲಿನಲ್ಲಿ ನಾವು ನಿಂತೆವು. ಬ್ಯಾಂಡು ಕೇಳಿ ಕ್ಲೀನರುಗಳು ಇಳಿದರು. ಒಬ್ಬ ಹೆಗಲಿನ ಟವಲು ತೆಗೆದು ಬೀಸಿದ. ಜೀಪಿನ ಮುಂದೆ ಕುಣಿಯತೊಡಗಿದರು.

"ಮದುಮಗ ಎಲ್ಲದಾನ್ರೀ?" ಅಂತ ಒಬ್ಬ ನನ್ನ ಕಿವಿಯ ಹತ್ತಿರ ಕೂಗಿದ.

ಅಜ್ಜಿ ತಲೆ ಹೊರಗೆ ಹಾಕಿ ಬೈದಳು. ಬೈಗುಳ ಬ್ಯಾಂಡಿನಲ್ಲಿ ಕೇಳಲಿಲ್ಲ. ಮದುಮಗನ ಅಜ್ಜಿಗೆ ಖುಷಿ ಆಗಿದೆ ಅಂತ ತಿಳಿದು ಆಕೆಗೆ ಕೈ ಮುಗಿದು ಇನ್ನೂ ಜೋರಾಗಿ ಕುಣಿದರು.

ಕನ್ನಡಿಯಲ್ಲಿ ನೋಡಿದೆ. ನಮ್ಮಾಕಿ ಅಜ್ಜಿಯ ಹೆಗಲಿಗೆ ಒರಗಿದ್ದಳು. ನಗುತ್ತಿದ್ದಳು. ನನ್ನ ಕಡೆ ಬಗ್ಗಿದಳು.

"ಸೌಂಡ್ ಕಡಿಮಿ ಮಾಡ್ರಿ. ಮಂದಿ ನೋಡಾಕತ್ತಾರ."

ನಾನು ಟೇಪಿಗೆ ಗುದ್ದಿದೆ. ಮತ್ತೆ ಗುದ್ದಿದೆ. ಗೇಟಿನಲ್ಲಿ ನಿಂತಾಗ ಇಳಿದು ಬ್ಯಾಟರಿಯ ವೈರು ತೆಗೆಯಬಹುದಿತ್ತು. ಬೇರೆಯವರ ಹೆಂಡತಿ ಆಗಿದ್ದರೆ ಹೊಳೆಯುತ್ತಿತ್ತೇನೋ. ನನಗೆ ಹೊಳೆಯಲಿಲ್ಲ. ಗೇಟು ಎತ್ತಿದರು.

ಆಸ್ಪತ್ರೆಯಲ್ಲಿ ಆಕೆಯನ್ನು ಒಳಗೆ ಒಯ್ದರು. ಮತ್ತೆ ಮಾತಾಡಲಿಲ್ಲ. ಜೀಪು ಬಾಗಿಲಲ್ಲೇ ಇತ್ತು. ಚಾವಿ ನನ್ನ ಕೈಯಲ್ಲಿತ್ತು. ಬ್ಯಾಂಡು ನಡೆದೇ ಇತ್ತು. ಒಂದು ಬದಿ ಮುಗಿದು ಇನ್ನೊಂದು ಬದಿ ಶುರುವಾಯಿತು. ವಾಚ್‌ಮನ್ ಬಂದು, "ಯಾರ್ದ್ರೀ ಆ ಮದಿವಿ ಗಾಡಿ?" ಅಂದ. ನಾನು ನನ್ನದಲ್ಲ ಅಂದೆ.

ಡಾಕ್ಟರು ಹೊರಗೆ ಬಂದು ಏನೋ ಹೇಳಿದರು. ಬ್ಯಾಂಡಿನಲ್ಲಿ ಕೇಳಲಿಲ್ಲ. "ಆಂ?" ಅಂದೆ. ಅವರು ಅದನ್ನು ಇನ್ನೊಮ್ಮೆ ಹೇಳಬೇಕಾಯಿತು. ಜೋರಾಗಿ.

ಬೆಳಗಿನ ಹೊತ್ತಿಗೆ ಬ್ಯಾಟರಿ ಸತ್ತು ಬ್ಯಾಂಡು ನಿಂತಿತ್ತು. ಮೇಸ್ತ್ರಿಯ ಮಂದಿ ಜೀಪನ್ನು ತಳ್ಳಿಕೊಂಡು ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದರು. ಅವತ್ತು ಹಾಡು ಇರಲಿಲ್ಲ. "ಮದಿವಿಗೆ ಬ್ಯಾರೆ ಗಾಡಿ ಮಾಡೀನಿ, ಇದನ್ನ ಬಿಡ್ರಿ" ಅಂದ ಮೇಸ್ತ್ರಿ. ಮಣ್ಣು ಮಾಡಲು ಇನ್ನೂ ಹೊತ್ತಿತ್ತು. ಓಣಿಯ ತುಂಬಾ ಮಂದಿ ಕುಂತಿದ್ದರು. ಆಕೆ ಪರದೆಯ ಹಿಂದೆ ಇದ್ದಳು.

ನಾನು ಎದ್ದು ಅಡಿಗೆ ಮನೆಗೆ ಹೋದೆ. ಅಲ್ಲಿ ಆಕೆಯ ರೇಡಿಯೋ ಇತ್ತು. ಅದನ್ನು ಬಿಚ್ಚಿ ಅದರ ವಾಲ್ಯೂಮಿನ ಬಟನ್ನು ತೆಗೆದೆ. ಸ್ಕ್ರೂಡ್ರೈವರ್ ಹಿಡಿದು ಹೊರಗೆ ಬಂದೆ. ಯಾರೋ "ತಮ್ಮಾ, ಈಗ ಯಾಕ?" ಅಂದರು. ಜೀಪಿನಲ್ಲಿ ತಲೆ ತೂರಿಸಿ ಮಲಗಿದೆ. ಬಟನ್ನು ಕೂಡಿಸಿ ಬೆಸುಗೆ ಹಾಕಿದೆ. ಅಂಗಡಿಯ ಬ್ಯಾಟರಿ ತಂದು ಜೋಡಿಸಿದೆ.

ಬ್ಯಾಂಡು ಫುಲ್ಲಾಗಿ ಬಂತು. ಕುಂತವರೆಲ್ಲಾ ಎದ್ದು ನಿಂತರು. ಯಾರೋ ಬೈದರು. ನಾನು ಬಟನ್ ತಿರುವಿದೆ. ಡೋಲು ಸಣ್ಣಗಾಯಿತು. ಕಹಳೆ ಸಣ್ಣಗಾಯಿತು.

"ಕಡಿಮಿ ಆತೇನ?" ಅಂತ ಕೆಳಗಿನಿಂದ ಕೂಗಿದೆ, ಪರದೆಯ ಕಡೆಗೆ.

ಅಭ್ಯಾಸ.

ಕಡೆಗೆ ಮಿರ್ಚಿ ಅಂಗಡಿಯ ಅಜ್ಜಿ ಎದ್ದು ಜೀಪಿನ ಬಾಗಿಲಿಗೆ ಬಂದು ನಿಂತಳು, ನಮ್ಮಾಕಿ ನಿಲ್ಲುತ್ತಿದ್ದ ಜಾಗದಲ್ಲಿ.

"ಆತಪ್ಪ" ಅಂದಳು. "ಕಡಿಮಿ ಆತು. ಒಳಗ ಬಾ."

ನಾನು ಇನ್ನಾ ಕಡಿಮೆ ಮಾಡಿದೆ.